ಒಂದು ಊದುಬತ್ತಿಯ ಹೊತ್ತು

ಭೀಮನಬೀಡು,
ಗುಂಡ್ಲುಪೇಟೆ ತಾಲ್ಲೂಕು
12 ಫೆಬ್ರವರಿ 1957

ಪ್ರೀತಿಯ ಅಪ್ಪಾಜಿಯವರಿಗೆ,

ನೀವು ಗೆದ್ದಿರಿ ಅಪ್ಪಾಜಿ, ಐದು ವರ್ಷ ಪತ್ರಿಕೆಗಳಿಗೆ ಬರೆದೂ ಬರೆದೂ ದೆಹಲಿಯಲ್ಲಿ ಆಗದ ಕೆಲಸ ನಮ್ಮೂರ ಪಂಚಾಯ್ತಿ ರೇಡಿಯೋದಲ್ಲಿ ಆಗಿಹೋಯಿತು: ಇಲ್ಲಿ ಈಗ ಎರಡು ಪಕ್ಷದವರಿಗೂ ಸಮಸಮ ಹೊತ್ತು. ಆ ಹೊತ್ತನ್ನು ಅಳೆಯುವವಳು ನಿಮ್ಮ ಮಗಳು.

ಮದುವೆಯಾಗಿ ಎರಡು ತಿಂಗಳಾದರೂ ಒಂದು ಉದ್ದದ ಕಾಗದ ಬರೆಯಲಿಲ್ಲವೆಂದು ಬೈಯಬೇಡಿ. ಬರೆಯಲು ಕೂತರೆ ಕಿಟಕಿಯಲ್ಲಿ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಮಂಜು ಅದರ ತಲೆಯಿಂದ ಹೆಗಲಿಗೆ, ಹೆಗಲಿನಿಂದ ಸೊಂಟಕ್ಕೆ ಜಾರುವುದನ್ನು ನೋಡುತ್ತಿದ್ದರೆ ಪೆನ್ನಿನ ಶಾಯಿ ಒಣಗಿಹೋಗುತ್ತದೆ. ಇವರು ಬಂದು, ‘ಇನ್ನೂ ಪ್ರೀತಿಯ ಅಪ್ಪಾಜಿಯಲ್ಲೇ ಇದ್ದೀಯಾ?’ ಎಂದು ನಗುತ್ತಾರೆ. ಇವರು ನಕ್ಕರೆ ಉಳಿದದ್ದೂ ಮರೆತುಹೋಗುತ್ತದೆ. ಕಾನ್ವೆಂಟಿನ ಸಿಸ್ಟರ್ ನನ್ನನ್ನು ಗಾಳಿಪಟ ಎನ್ನುತ್ತಿದ್ದುದು ನಿಮಗೆ ನೆನಪಿರಬೇಕು.

ಒಂದು ಬೇಡಿಕೆ. ವಕೀಲರ ಅಭ್ಯಾಸದಂತೆ ಕೊನೆಯ ಪುಟವನ್ನು ಮೊದಲು ಓದಬೇಡಿ. ಅಲ್ಲಿ ನಿಮ್ಮ ಮಗನ, ನನ್ನ ಗಂಗಾಧರಣ್ಣನ ಹೆಸರಿದೆ. ಅವನ ಹೆಸರು ಕಂಡರೆ ನೀವು ಕಾಗದ ಮಡಿಸಿಬಿಡುತ್ತೀರಿ. ಈ ಸಲ ಮಡಿಸಬೇಡಿ.

ರೇಡಿಯೋ ಇರುವುದು ನಮ್ಮ ಮನೆಯ ಪಡಸಾಲೆಯಲ್ಲಿ, ಮಾವನವರು ಪಂಚಾಯ್ತಿ ಅಧ್ಯಕ್ಷರಲ್ಲವೇ. ಹೆಂಚಿನ ಮೇಲೆ ದೊಡ್ಡ ತುತ್ತೂರಿ ಕಟ್ಟಿದ್ದಾರೆ, ಬ್ಯಾಟರಿಯ ಪಕ್ಕದಲ್ಲಿ ಒಂದು ಮೈಕೂ ಇದೆ. ಸಂಜೆ ಅತ್ತೆ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲೆಯೇ ಅದರ ಕಿವಿ ತಿರುಗಿಸಲು ಬಿಡುವುದು. ದೆಹಲಿಯ ದನಿ ಕೊಯ್ದ ಹುರುಳಿ ಹೊಲಗಳ ಮೇಲೆ ತೇಲಿಕೊಂಡು ಬೆಟ್ಟದ ಕಡೆಗೆ ಹೋಗುವಾಗ ಹಿಂದಿರುಗುವ ದನಗಳೂ ನಿಧಾನವಾಗುತ್ತವೆ ಎಂದು ನನಗೆ ಅನ್ನಿಸುತ್ತದೆ. ಇವರು ಒಪ್ಪುವುದಿಲ್ಲ.

ಜಗಳ ತೆಗೆದವರು ಶಾಂತಮಲ್ಲಪ್ಪನವರು. ಊರಿನಲ್ಲಿ ನಿಮ್ಮ ಪಕ್ಷದವರು ಅವರೊಬ್ಬರೇ. ಮಾವನವರು ಆಳುವ ಪಕ್ಷ.

‘ಏನ್ ಸಿದ್ದಮಲ್ಲಪ್ಪ, ದಿನಾ ಮಂತ್ರಿ ಸೇತ್ವೆ ತೆರೆದ್ರು, ಮಂತ್ರಿ ಕಾಲ್ವೆ ತೆರೆದ್ರು ಅಂತದೆ ನಿನ್ ಪೆಟ್ಗೆ. ನಮ್ಮೋರು ಈ ಲೋಕದಲ್ಲೇ ಇಲ್ವಾ? ಅದ್ಕೆ ನನ್ ಕಂದಾಯನೂ ಬಿದ್ದದೆ ಕಣ.’

‘ಮಾತಾಡೋದು ಡೆಲ್ಲಿ ಕಣಪ್ಪ. ನಾನೇನ್ ಅದ್ರೊಳಗೆ ಕುಂತಿದ್ದೀನಾ?’

‘ಅಂಗಾರೆ ವಾರ್ತೆ ಮುಗುದ್ಮೇಲೆ ಮೈಕ್ ನಂಗೆ ಕೊಡು.’

‘ಕೊಟ್ರೆ ಕೋಳಿ ಕೂಗೋಗಂಟ ಬುಡಕಿಲ್ಲ ನೀನು.’

ನಾನು ಬಾಗಿಲ ಮರೆಯಲ್ಲಿದ್ದೆ. ಊಟದ ಹೊತ್ತಿಗೆ ನೀವು ಹೇಳುತ್ತಿದ್ದ ಮಾತು ಕಿವಿಯಲ್ಲಿತ್ತು: ‘ಊರಿಗೆಲ್ಲ ಇರುವುದು ಒಂದೇ ಬಾಯಿ. ಅದು ಒಬ್ಬರ ಪರವಾಗಿಯೇ ಆಡುತ್ತಿದ್ದರೆ, ಇನ್ನೊಬ್ಬರ ಮಾತೂ ಆಡಬೇಕೆಂದು ಸರ್ಕಾರ ಕಟ್ಟಳೆ ಮಾಡಬೇಕು.’ ನಾನು ಇವರ ಕಿವಿಯಲ್ಲಿ ಹೇಳಿದೆ, ಇವರು ಮಾವನವರಿಗೆ ಹೇಳಿದರು: ಊದುಬತ್ತಿಯ ನಡುವೆ ಅರಿಶಿನದ ಚುಕ್ಕೆ ಇಡೋಣ, ಕೆಂಡ ಚುಕ್ಕೆಗೆ ಬರುವವರೆಗೆ ಒಬ್ಬರು, ಅಲ್ಲಿಂದ ಬುಡದವರೆಗೆ ಇನ್ನೊಬ್ಬರು. ಪೂಜೆಯ ಊದುಬತ್ತಿಯ ಮುಂದೆ ಯಾರೂ ಮೋಸ ಮಾಡುವುದಿಲ್ಲವಲ್ಲ. ಇಬ್ಬರೂ ಒಪ್ಪಿದರು.

ಮೊದಲ ಸಂಜೆ ಮಾವನವರು ಚುಕ್ಕೆಯವರೆಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಆಮೇಲೆ ಹೆಗಲ ಟವಲು ಕೊಡವಿ ಲಿಂಗಪೂಜೆಗೆಂದು ಒಳಗೆ ಎದ್ದುಹೋದರು. ಅಧ್ಯಕ್ಷರು ಎದ್ದ ಮೇಲೆ ಜನ ಕೂರುತ್ತಾರೆಯೇ? ಶಾಂತಮಲ್ಲಪ್ಪನವರು ಮೈಕು ಹಿಡಿದಾಗ ಅಂಗಳದಲ್ಲಿ ಉಳಿದದ್ದು ಎರಡು ಕರು, ರಾಗಿ ಕೇರುತ್ತಿದ್ದ ನಮ್ಮ ಆಳು ಚಿಕ್ಕನಿಂಗಮ್ಮ, ಬಾಗಿಲ ಹಿಂದೆ ನಾನು.

‘ಕೇಳುಸ್ತಾ ಅದಾ?’ ಎಂದರು. ‘ಅದಾ... ಅದಾ...’ ಎಂದಿತು ಬಯಲು. ಅವರು ಮೈಕು ಕೆಳಗಿಟ್ಟರು. ಅರ್ಧ ಊದುಬತ್ತಿ ಸುಮ್ಮನೆ ಉರಿದು ಬೂದಿಯಾಯಿತು.

ಮರುದಿನ ಅವರು ಬಂದು, ರೇಡಿಯೋವನ್ನು ಊರಿನಿಂದಲೇ ತೆಗೆಸಿರೆಂದು ಅಮಲ್ದಾರರಿಗೆ ಅರ್ಜಿ ಕೊಡುತ್ತೇನೆಂದರು. ಮಾವನವರಿಗೂ ಸಿಟ್ಟು ಬಂತು. ‘ಸಮ ಕೊಟ್ಟಿವ್ನಲ್ಲಾ, ಇನ್ನೇನ್ ಕೊಡ್ಬೇಕು?’

ಆಗ ಚಿಕ್ಕನಿಂಗಮ್ಮ ಮೊರ ಕೆಳಗಿಡದೆ ಅಂದಳು: ‘ಬಾಯ್ಗೆ ಸಮ ಕೊಟ್ರಿ ಸಾಮಿ, ಕಿವೀಗ್ ಕೊಡ್ಲಿಲ್ಲ. ಆಡಿದೋರು ಕಡ್ಡಿ ಉರಿಯೋಗಂಟ ಕುಂತು ಕೇಳ್ಬೇಕು. ನಮ್ ಕೇರಿ ನ್ಯಾಯ ಅಂಗೇಯ. ಎದ್ದೋದೋನು ಸೋತಂಗೆ.’

‘ನಿಂಗ್ಯಾಕಮ್ಮಿ ಗಂಡಸ್ರ ಮಾತು?’ ಎಂದರು ಅತ್ತೆ. ಆದರೆ ಮಾವನವರು ಬಹಳ ಹೊತ್ತು ಮೀಸೆ ಸವರಿದರು.

ಅಂದು ಸಂಜೆ ಅವರು ಕೂತರು. ಅವರು ಕೂತಿದ್ದಕ್ಕೆ ಊರೂ ಕೂತಿತು. ಶಾಂತಮಲ್ಲಪ್ಪನವರು ಕೆಳಗಿನ ಕೇರಿಯ ಕುಸಿದ ಬಾವಿಯ ಮಾತೆತ್ತಿದರು. ಕೊನೆಯ ಹೊಗೆ ಕರಗುವಾಗ ಮಾವನವರು, ‘ಬಾವಿ ಮಾತು ದಿಟ ಕಣ. ಓಟು ಮಾತ್ರ ನಿಂಗಿಲ್ಲ’ ಎಂದರು. ಎಲ್ಲರೂ ನಕ್ಕರು. ಶಾಂತಮಲ್ಲಪ್ಪನವರು ನಮ್ಮ ಮನೆಯಲ್ಲೇ ಊಟ ಮಾಡಿಹೋದರು.

ನಾನು ಅದೇ ಯೋಚಿಸುತ್ತಿದ್ದೇನೆ ಅಪ್ಪಾಜಿ. ಸರ್ಕಾರ ಹೊತ್ತನ್ನು ಅಳೆದು ಕೊಡಬೇಕು, ಅದರಲ್ಲಿ ನೀವು ಸರಿ. ಶಾಂತಮಲ್ಲಪ್ಪನವರಂಥವರಿಗೆ ಕಟ್ಟಳೆಯಿಲ್ಲದೆ ಯಾರು ಮೈಕು ಕೊಡುತ್ತಾರೆ? ಆದರೆ ಎದ್ದುಹೋಗುವವನನ್ನು ಯಾವ ಕಟ್ಟಳೆ ಕೂರಿಸುತ್ತದೆ?

ಅಮ್ಮನಿಗೆ ಹೇಳಿ, ಇವರಿಗೆ ಅವರು ಕಳಿಸಿದ ಕೊಬ್ಬರಿ ಮಿಠಾಯಿ ಬಹಳ ಹಿಡಿಸಿತು. ನನಗೆ ಎರಡೇ ಸಿಕ್ಕಿದವು. ಶಿವರಾತ್ರಿಗೆ ಬರುವಾಗ ಇಲ್ಲಿಯ ಜೇನು ತರುತ್ತೇನೆ. ನಿಮ್ಮಿಬ್ಬರ ಪಾದಗಳಿಗೆ ಶರಣು, ನಿಮ್ಮ ಹರಕೆ ನಮ್ಮಿಬ್ಬರ ಮೇಲಿರಲಿ.

ನಿಮ್ಮ ಗಾಳಿಪಟ,
ಸರ್ವಮಂಗಳ

ಮರೆತ ಮಾತು: ಮರೆತಿರಲಿಲ್ಲ, ಧೈರ್ಯವಿರಲಿಲ್ಲ. ಹೋದ ಚುನಾವಣೆಯಲ್ಲಿ ಗಂಗಾಧರಣ್ಣ ಆಳುವ ಪಕ್ಷದ ಪರವಾಗಿ ಓಡಾಡಿದನೆಂದು ನೀವು, ‘ಈ ಮನೆಯಲ್ಲಿ ಎರಡು ಮಾತಿಲ್ಲ’ ಎಂದಿರಿ. ಅವನು ಉತ್ತರಕ್ಕೆ ಬಾಯಿ ತೆರೆದ. ನೀವು ಎಲೆಯ ಮುಂದಿನಿಂದ ಎದ್ದುಹೋದಿರಿ. ಅವನು ಅದೇ ದಿನ ಮನೆ ಬಿಟ್ಟ. ಈಗ ಸಂತೆಮರಹಳ್ಳಿಯಲ್ಲಿ ರೇಷ್ಮೆಗೂಡಿನ ವ್ಯಾಪಾರಿಯ ಬಳಿ ಕೆಲಸಕ್ಕಿದ್ದಾನೆ. ನನ್ನ ಮುಹೂರ್ತದ ದಿನ ಛತ್ರದ ಎದುರಿನ ಹೊಂಗೆಮರದ ಕೆಳಗೆ ನಿಂತಿದ್ದ, ಅಪ್ಪಾಜಿ. ನಾನು ನೋಡಿದೆ. ನೀವೂ ನೋಡಿದಿರಿ, ನೋಡಿ ಮುಖ ತಿರುಗಿಸಿದಿರಿ. ಅಂದು ನಾನು ಅತ್ತದ್ದು ತವರು ಬಿಡುವ ದುಃಖಕ್ಕೆ ಎಂದು ಎಲ್ಲರೂ ತಿಳಿದರು.

ಅವನಿಗೆಂದು ಚುಕ್ಕೆ ಇಡದ ಒಂದು ಇಡೀ ಊದುಬತ್ತಿ ತರುತ್ತಿದ್ದೇನೆ. ನೀವು ಒಪ್ಪಬೇಕಾಗಿಲ್ಲ, ಕೂತಿದ್ದರೆ ಸಾಕು. ಇವರು ಓಟು ಮುಗಿದ ಮೇಲೆ ಬರುತ್ತಾರೆ. ಅಣ್ಣ ಚಾಮರಾಜನಗರದ ಸ್ಟೇಷನ್ನಿನಲ್ಲಿ ನನ್ನ ಜೊತೆ ಹತ್ತುತ್ತಾನೆ. ಫೆಬ್ರವರಿ ಇಪ್ಪತ್ತಮೂರು, ಶನಿವಾರ, ಬೆಳಗಿನ ರೈಲಿಗೆ ಮೈಸೂರಿನ ಚಾಮರಾಜಪುರಂ ಸ್ಟೇಷನ್ನಿನಲ್ಲಿ ನಾವಿಬ್ಬರೂ ಇಳಿಯುತ್ತೇವೆ.