ಎಡಗಡೆಯ ಸ್ಪೀಕರ್

ವಾಡಿ,
೮ ಡಿಸೆಂಬರ್ ೨೦೨೫

ಚಿ. ಲುಂಬಿನಿಗೆ ಆಶೀರ್ವಾದಗಳು.

ಮೊದಲು ನಿಮ್ಮ ಮನೆಯ ಎಲ್ಲರಿಗೂ ನನ್ನ ಶರಣು. ಪತ್ರ ಬಂದರೆ ನೀನು ಎಲ್ಲರ ನಡುವೆ ಕುಳಿತು ಗಟ್ಟಿಯಾಗಿ ಓದುವವಳು. ಆದ್ದರಿಂದ ನಿನ್ನ ಅಜ್ಜಿ ಪೀರಮ್ಮನವರಿಗೆ ಇಲ್ಲಿಂದಲೇ ಕೃತಜ್ಞತೆ ಹೇಳುತ್ತೇನೆ. ಆಗ ಹೈಸ್ಕೂಲು ಓದುತ್ತಿದ್ದ ಮೊಮ್ಮಗಳನ್ನು ಪ್ರತಿ ಭಾನುವಾರ ಸೇಡಂನಿಂದ ವಾಡಿಗೆ, ಹಳೆಯ ರೇಡಿಯೊ ಬಿಚ್ಚಿ ಜೋಡಿಸುವುದನ್ನು ಕಲಿಯಲೆಂದು ಕಳಿಸಿದ ಧೈರ್ಯ ಅವರದು.

ಉತ್ತರ ತಡವಾಯಿತು, ಕ್ಷಮೆ ಇರಲಿ. ನಮ್ಮ ಕ್ವಾರ್ಟರ್ಸಿನ ಮಕ್ಕಳಿಗೆ ಇನ್ನು ಮುಂದೆ ಭಾನುವಾರದ ಪಾಠವನ್ನು ನೀನೇ ನಡೆಸಬೇಕೆಂದು ಕೇಳಿದ್ದಕ್ಕೆ ನೀನು, "ನಿಮ್ಮ ಮುಂದ ನಾ ಏನ್ ಕಲಸ್ಲಿ ಸರ್" ಎಂದು ನಕ್ಕು ಫೋನ್ ಇಟ್ಟೆ. ಮತ್ತೆ ಫೋನ್ ಮಾಡಿದರೆ ನಡುವೆ ಬಾಯಿ ಹಾಕುತ್ತೀ. ಪತ್ರವನ್ನಾದರೆ ಕೊನೆಯವರೆಗೆ ಓದಲೇಬೇಕು.

ಶಹಾಬಾದಿನಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವ ನನ್ನ ಗೆಳೆಯ ಶೌಕತ ಅಲಿ ಒಂದು ಹಳೆಯ ಸ್ಟೀರಿಯೊ ಸೆಟ್ ತಂದುಕೊಟ್ಟಿದ್ದರು. ಅದರೊಳಗೆ ಸಿಮೆಂಟಿನ ಧೂಳು ಪದರಗಟ್ಟಿ ಕುಳಿತಿತ್ತು. ಒರೆಸಿ, ಒಣಗಿದ ಕೆಪಾಸಿಟರುಗಳನ್ನು ಬದಲಿಸಿ, ಗೂಡ್ಸ್ ಗಾಡಿ ಹೋಗುವಾಗ ಮುಳ್ಳು ನೆಗೆಯದಿರಲೆಂದು ರೆಕಾರ್ಡ್ ಪ್ಲೇಯರಿನ ಕೆಳಗೆ ದಪ್ಪನೆಯ ಪರಸಿ ಕಲ್ಲು ಹಾಸಿ, ಹಾಡು ಹಚ್ಚಿದೆ. ಬಲಗಡೆಯ ಸ್ಪೀಕರಿನಿಂದ ಸ್ವರ ತುಂಬಿ ಬಂತು. ಎಡಗಡೆಯದು ಕ್ಷೀಣ.

ನಿನಗೆ ಕಲಿಸಿದ ಕ್ರಮವನ್ನೇ ಹಿಡಿದೆ. ಎರಡು ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿದೆ. ಸದ್ದು ಎಡಕ್ಕೇ ಕಡಿಮೆ. ಹಾಗಾದರೆ ದೋಷ ಸ್ಪೀಕರಿನದೆಂದು ಪೆಟ್ಟಿಗೆಗಳನ್ನೇ ಎತ್ತಿ ಜಾಗ ಬದಲಿಸಿದೆ. ಆಗಲೂ ಎಡಕ್ಕೇ ಕಡಿಮೆ. ಗೋಡೆಯನ್ನು ಅನುಮಾನಿಸಿ ಕಪಾಟು ಸರಿಸಿದೆ, ಪರದೆ ತೆಗೆಸಿದೆ. ಮತ್ತೊಮ್ಮೆ ಸೆಟ್ ಬಿಚ್ಚಿ ಕುಳಿತಾಗ ಶೌಕತ ಅಲಿ ಬಂದರು. ಜೋಡಿಸಿ ಹಾಡಿಸಿರೆಂದರು, ಕಿವಿಗೊಟ್ಟು ಕೇಳಿದರು.

"ಅರೆ ಭಾಯಿ, ಎರಡೂ ಕಡಿ ಬರೋಬರಿ ಅದ. ಸುಮ್ನೆ ಯಾಕ ಅದರ ಹೊಟ್ಟಿ ಕೊಯ್ಯಾಕತ್ತೀರಿ?"

"ಮದುವಿ ಮೈಕಿನ ಮುಂದ ಕುಂತು ಕುಂತು ನಿಮ್ಮ ಕಿವಿ ಹೋಗ್ಯಾವ," ಎಂದೆ ನಾನು.

"ಯಾರವು ಹೋಗ್ಯಾವ ನೋಡೂಣಂತ. ಖುರ್ಚಿ ತಿರುವಿ ಹಿಂದಿನ ಗ್ವಾಡಿ ಕಡಿ ಮಾರಿ ಮಾಡಿ ಕುಂದ್ರಿ."

ಕುಳಿತೆ. ಅಲ್ಲಿಯವರೆಗೆ ತುಂಬಿ ಹಾಡುತ್ತಿದ್ದ ಪೆಟ್ಟಿಗೆ ಈಗ ಕ್ಷೀಣವಾಯಿತು, ಕ್ಷೀಣವಾಗಿದ್ದದ್ದು ತುಂಬಿಕೊಂಡಿತು. ದೋಷ ನನ್ನೊಂದಿಗೇ ತಿರುಗಿತ್ತು. ಶೌಕತ ಅಲಿ ನಗಲಿಲ್ಲ. "ಚಾ ಕುಡಿಯೂಣ ಬರ್ರಿ," ಎಂದಷ್ಟೇ ಅಂದರು.

ಕಲಬುರಗಿಯ ವೈದ್ಯರು ಪರೀಕ್ಷಿಸಿದರು. ಎಡಗಿವಿಯ ನರ ಸೋತಿದೆ, ಅದು ಮರಳುವಂಥದಲ್ಲ, ಬಲಗಿವಿ ಚೆನ್ನಾಗಿದೆ. ನೀನು ಮರುಗಬೇಡ. ಬೆಸುಗೆ ಹಾಕುವ ಕೈ ಇನ್ನೂ ನಡುಗುವುದಿಲ್ಲ, ಮೀಟರು ನೋಡಿ ಎರಡು ಕಡೆಯನ್ನೂ ಸಮ ಮಾಡಬಲ್ಲೆ. ಆದರೆ ಹಾಡುವವರು ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ಕುಳಿತಂತೆ ಕೇಳಿಸುತ್ತದಲ್ಲ, ಆ ಅನುಭವ ಎರಡು ಕಿವಿಗಳದು. ಮಕ್ಕಳಿಗೆ ಮುಟ್ಟಿಸಬೇಕಾದದ್ದು ಅದನ್ನೇ. ಅದನ್ನು ಕೇಳಲಾಗದವನು ಅದನ್ನು ಕಲಿಸಬಾರದು.

ಕ್ಯಾಸೆಟ್ ಹಚ್ಚಿದ ಮೊದಲ ದಿನವೇ ನೀನು, "ಸರ್, ಈ ಹೆಣ್ಮಗಳಿಗಿ ನೆಗಡಿ ಬಂದದೇನ್ರಿ?" ಎಂದಿದ್ದೆ. ಟೇಪಿನ ಹೆಡ್ ಒರೆಸಿದೊಡನೆ ಗಾಯಕಿಯ ನೆಗಡಿ ವಾಸಿಯಾಯಿತು. ಅಂಥ ಕಿವಿ ಇದ್ದವಳಿಗೆ ಕಲಿಸುವ ಅರ್ಹತೆ ನನ್ನಿಂದ ಬರಬೇಕಾಗಿಲ್ಲ. ಫ್ಯಾಕ್ಟರಿಯ ಶಿಫ್ಟಿನಲ್ಲಿ ಭಾನುವಾರ ರಜೆ ಕೇಳಿಕೋ. ಹೊಸ ವರ್ಷದ ಮೊದಲ ಭಾನುವಾರ ಮಕ್ಕಳು ಬರುತ್ತಾರೆ.

ನಿನ್ನ ಕೈಗೆ ಯಶಸ್ಸು, ಮನಸ್ಸಿಗೆ ತಾಳ್ಮೆ ಇರಲಿ.

ಇಂತಿ ನಿನ್ನ ಹಿತೈಷಿ,
ನಾಗೇಂದ್ರಪ್ಪ

ತಾ. ಕ.: ಇದಿಷ್ಟನ್ನು ನಿನ್ನೊಳಗೇ ಓದಿಕೋ. ಸಂಜೆಯ ಹೊತ್ತು ನನ್ನ ಹೆಂಡತಿ, ನಿಮ್ಮ ವಿಮಲಾಬಾಯಿ ಕಾಕು, ತನ್ನ ಮಂಚದ ಮೇಲೆ ಕುಳಿತುಕೊಳ್ಳುವುದು ನನ್ನ ಎಡಕ್ಕೆ. ಹೋದ ವರ್ಷದಿಂದ ಅವಳ ಮಾತು ಕಡಿಮೆಯಾಗಿತ್ತು; ವಯಸ್ಸಿನ ಲಕ್ಷಣವೆಂದುಕೊಂಡಿದ್ದೆ. ವೈದ್ಯರಲ್ಲಿಂದ ಮರಳುವಾಗ ರೈಲಿನಲ್ಲಿ ಹೇಳಿದಳು: "ಮುಧೋಳಕ್ಕ ಹೋಗಿ ಅಕ್ಕನ್ನ ನೋಡ್ಕೊಂಡು ಬರೂಣು ಅಂತ ಎಷ್ಟ್ ಸಲ ಕೇಳ್ದೆ. ನೀವು ಮಾರಿ ತಿರುವಲಿಲ್ಲ. ಮನಸಿಲ್ಲ ಅಂದ್ಕೊಂಡು ಬಿಟ್ಟೆ." ಅವಳ ಅಕ್ಕ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಅವಳ ಮಂಚವನ್ನು ನನ್ನ ಬಲಕ್ಕೆ ಹಾಕಿದ್ದೇನೆ. ಆದರೂ ತಾನಾಗಿ ಮಾತು ತೆಗೆಯುವುದಿಲ್ಲ. ನಾನೇ ಕೇಳಿ ಕೇಳಿ ಆಡಿಸಬೇಕು. ಆದ್ದರಿಂದ ಭಾನುವಾರ ಬಂದವಳು ನನಗಾಗಿ ಕಾಯಬೇಡ. ನಾನು ಒಳಮನೆಯಲ್ಲಿ ಅವಳ ಹತ್ತಿರ ಕುಳಿತಿರುತ್ತೇನೆ. ನೀನು ಮಕ್ಕಳನ್ನು ಕೂರಿಸಿ, ಸೆಟ್ಟಿನ ಮುಚ್ಚಳ ತೆಗೆದು, ಕೆಲಸ ಶುರುಮಾಡು.