ಮದುವೆಗೆ ಹೊಲಿಸಿದ ನೀಲಿ ಉಡುಪು

ನೀಶ್, ಮಂಗಳವಾರ

ಅಮ್ಮಾ,

ಸೋಫಿಯಾದಿಂದ ಹೊರಟ ಬಸ್ಸು ಗಡಿಯಲ್ಲಿ ತಡವಾದರೂ ನಾನು ನೀಶ್ ಊರಿಗೆ ಕ್ಷೇಮವಾಗಿ ತಲುಪಿದೆ. ನಿನ್ನ ಅಕ್ಕ, ರುಸಾಂಕಾ ದೊಡ್ಡಮ್ಮ, ಬೆಳ್ಳಂಬೆಳಿಗ್ಗೆ ಮಿರುಗುವ ನೀಲಿ ರೇಷ್ಮೆ ಉಡುಪು ತೊಟ್ಟು ನಿಲ್ದಾಣಕ್ಕೇ ಬಂದಿದ್ದರು. ಜನ ತಿರುತಿರುಗಿ ನೋಡುತ್ತಿದ್ದರು.

"ನಿನ್ನ ತಂಗಿ ಮದ್ವೆಗೆ ಅಂತ ಹೊಲಿಸಿದ್ದು ಕಣೇ," ಎಂದರು.

"ಮತ್ತೆ ಯಾಕೆ ಬರ್ಲಿಲ್ಲ ದೊಡ್ಡಮ್ಮ?"

"ಅಚ್ಚು ಹಾಕ್ಸಿದ ಕಾಗದ ಊರಿಗೆಲ್ಲ ಹೋಗತ್ತೆ. ಒಡಹುಟ್ಟಿದವಳು ಬಾಯಿಬಿಟ್ಟು ಕರೀಬೇಕಿತ್ತು."

ಮನೆಗೆ ಬಂದು ಮದುವೆಯ ಫೋಟೊಗಳನ್ನೆಲ್ಲ ನೋಡಿದರು. ನಿನ್ನದೊಂದನ್ನು ಮಾತ್ರ ವಾಪಸು ಕೊಡಲಿಲ್ಲ. "ಸೊರಗಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ತಾಳೋ ಇಲ್ವೋ," ಎಂದರು.

ನನ್ನ ಕೆಮ್ಮು ವಾಸಿಯಾಗಿದೆ. ಫೋನು ಅವರ ಮಂಚದ ಪಕ್ಕದಲ್ಲೇ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಸಂಜೆ ಹೊತ್ತು ನೀನೇ ಅವರಿಗೆ ಫೋನು ಮಾಡು. ಮದುವೆಯ ಮಾತು ಎತ್ತಬೇಡ. ಮನೆಗೆ ಬಾ ಅಕ್ಕಾ ಅಂದುಬಿಡು, ಸಾಕು.

ಕಲೀನಾ