ಮೂರನೆಯ ನೀಲಿ ಮೀನು

ಪ್ರೀತಿಯ ಬ್ಲಿ ಕಡೆಕ್,

ರಾತ್ರಿ ಎರಡೂಕಾಲಿಗೆ ಎಚ್ಚರವಾಯಿತು. ಉಗುರಿನಿಂದ ಗಾಜು ಬಡಿದ ಹಾಗೆ ಟಕ್, ಟಕ್ ಸದ್ದು. ಪುತು ಎದ್ದಳೇನೋ ಎಂದು ಪಕ್ಕಕ್ಕೆ ಕೈ ಹಾಕಿದೆ, ಮಗಳು ನಿದ್ದೆಯಲ್ಲಿದ್ದಳು. ಸದ್ದು ಹೊಸ ಅಕ್ವೇರಿಯಂನದು. ನೀನು ತಂದ ಮೂರು ನೀಲಿ ಮೀನುಗಳಲ್ಲಿ ಉಳಿದಿದ್ದ ಕೊನೆಯದು ಗಿರಗಿರನೆ ಸುತ್ತುತ್ತ ಮೂತಿಯನ್ನು ಗಾಜಿಗೆ ಬಡಿಯುತ್ತಿತ್ತು. ನೋಡುತ್ತಿದ್ದಂತೆಯೇ ಮಗ್ಗುಲಾಗಿ ಸತ್ತಿತು. ಬಣ್ಣ ಮಾತ್ರ ಒಂದಿಷ್ಟೂ ಮಾಸಿಲ್ಲ.

ಆರು ವಾರ ಆ ತೊಟ್ಟಿ ಮೀನಿಲ್ಲದೆ ಖಾಲಿ ಇತ್ತು, ನೆನಪಿದೆಯಾ? ಅಲೆ ಒಡೆಯುವ ಜಾಗ ದಾಟಿ ಹೋಗಿ ಕ್ಯಾನುಗಳಲ್ಲಿ ನೀರು ತಂದವನು ನೀನೇ. ನೀರು ಹದಕ್ಕೆ ಬರಲೆಂದು ನಾನು ಒಂದು ಸಿಗಡಿ ಚೂರು ಹಾಕಿ ಕೊಳೆಯಲು ಬಿಟ್ಟಾಗ ನಿನ್ನ ಅಮ್ಮ, ನಮ್ಮ ಮೆಮೆ, ಮೂಗು ಮುಚ್ಚಿಕೊಂಡು, "ಕಾಲೇಜು ಓದಿ ಬಂದದ್ದು ಇದಕ್ಕೇನಾ, ಮನೇಲಿ ನಾತ ಎಬ್ಬಿಸೋಕೆ?" ಅಂದಳು. ನಮ್ಮಣ್ಣ ನೆಂಗಾ ಹಲಸಿನ ಮರದ ಕೆಳಗೆ ಕೂತಲ್ಲಿಂದಲೇ, "ಸಮುದ್ರ ಇಪ್ಪತ್ತು ಹೆಜ್ಜೆಲಿದೆ, ಇವಳು ಮೀನಿಗೆ ಬಾಡಿಗೆ ಮನೆ ಕಟ್ಟಿಸ್ತಾಳೆ! ಮೊದಲು ನಿಮ್ಮ ಸೂರು ಸೋರೋದು ನಿಲ್ಸಿ" ಎಂದು ಕೂಗಿದ. ನೀರು ಹದಕ್ಕೆ ಬಂದ ಮೇಲೇ ಅದರೊಳಗೆ ಜೀವಿಗಳನ್ನು ಬಿಡಬೇಕು ಎಂದು ನಾನು ಹಟ ಹಿಡಿದೆ. ಮೊದಲು ಎರಡು ಏಡಿ, ಮೂರು ಬಸವನಹುಳು. ಆಮೇಲೆ ಮೆಮೆ ಕಲ್ಲುಗುಂಡಿಯಲ್ಲಿ ಅಕ್ಕಿ ಜರಡಿಯಿಂದ ಹಿಡಿದ ಒಂದು ಕಂದು ಮೀನು. ಹೋದ ಶನಿವಾರ ನಿನ್ನ ಮೂರು ನೀಲಿ. "ಬಲೇಲಿ ಹಿಡಿದದ್ದು ಕಣೇ ಲುಹ್, ಒಂದು ಹುರುಪೆನೂ ಹೋಗಿಲ್ಲ ನೋಡು. ಮಗಳಿಗೆ ಅಪ್ಪನ ಲೆಕ್ಕದ್ದು" ಅಂದೆ. ಮಾರನೆಯ ದಿನವೇ ನೀನು ದೋಣಿ ಹತ್ತಿದೆ.

ಒಂದು ಮೀನು ಗುರುವಾರ ಸತ್ತಿತು, ಇನ್ನೊಂದು ನಿನ್ನೆ. ಸಾಯುವ ಹಿಂದಿನ ಸಂಜೆಯೂ ಹೊಟ್ಟೆ ತುಂಬ ತಿಂದಿದ್ದವು. ತಪ್ಪು ನನ್ನದೇ ಆಗಿರಲಿ ಎಂದು ಬೇಡಿಕೊಳ್ಳುತ್ತ ನೀರನ್ನು ಮೂರು ಸಲ ಪರೀಕ್ಷೆ ಮಾಡಿದೆ. ನೀರು ಚೆನ್ನಾಗಿದೆ. ಏಡಿಗಳು ಓಡಾಡುತ್ತಿವೆ. ಮೆಮೆಯ ಕಂದು ಮೀನು ಈಗಲೂ ಕಲ್ಲಿನ ಸಂದಿಯಿಂದ ನನ್ನನ್ನೇ ನೋಡುತ್ತಿದೆ. ಅದೇ ನೀರು, ಬ್ಲಿ. ಸತ್ತದ್ದು ನಿನ್ನವು ಮಾತ್ರ.

ಹವಳದ ಸಂದಿಗೆ ಪೊಟಾಸ್ ವಿಷ ಚಿಮ್ಮಿಸಿ, ಮಂಪರು ಬರಿಸಿ ಹಿಡಿದ ಮೀನು ಚೆನ್ನಾಗಿ ತಿನ್ನುತ್ತಲೇ ಇದ್ದು ಹೀಗೇ ಸಾಯುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ನೀನು ಇದನ್ನು ಕಂಡೇ ಇಲ್ಲ. ನಮ್ಮೂರಿನಲ್ಲಿ ಯಾರು ಕಂಡಿದ್ದಾರೆ? ಹಿಡಿದ ಮೀನು ಸಂಜೆಗೆ ಚೀಲದಲ್ಲಿ ಮಾರಾಟಕ್ಕೆ ಡೆನ್‌ಪಸಾರಿಗೆ ಹೋಗುತ್ತದೆ. ಸಾಯುವುದು ಎಲ್ಲೋ ಯಾರದೋ ದೇಶದ ಗಾಜಿನೊಳಗೆ. ಮೀನು ಹಿಡಿಯುವವರ ಮನೆಯಲ್ಲಿ ಮೀನು ಒಂದು ವಾರ ಬದುಕಿ ಇದ್ದದ್ದುಂಟೇ? ಗೊತ್ತಿದ್ದರೆ ಆ ಮೂರನ್ನು ನೀನು ಮಗಳಿಗೆ ಕೊಡುತ್ತಿರಲಿಲ್ಲ.

ನಾನೂ ಒಂದು ಸುಳ್ಳು ಹೇಳಿದ್ದೇನೆ. ಅಕ್ವೇರಿಯಂ ಪುತುಗೆ ಅಂದೆನಲ್ಲ, ಅವಳಿಗಲ್ಲ. ದಂಡೆಯ ಗುಡಿಯ ಮುಂದೆ ಎಲ್ಲರ ಜೊತೆ ನೀನೂ ಪೊಟಾಸ್ ಬಾಟಲಿ ಹೂತು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆಯಲ್ಲ, ಅಂದು ನೀನು ನನ್ನ ಕಡೆ ನೋಡಲಿಲ್ಲ. ನಿನ್ನನ್ನು ಕೇಳುವ ಧೈರ್ಯ ಸಾಲದೆ ಮೀನನ್ನು ಕೇಳಿದೆ.

ನೀನು ಆಣೆ ಮುರಿದೆ ಎಂದು ಸಿಟ್ಟಿಲ್ಲ. ಹೆದರಿಕೆ. ಮೇಲಿನ ಹವಳವೆಲ್ಲ ಸತ್ತಿದೆ. ಪೊಟಾಸ್ ಹಿಡಿದವನು ಇನ್ನೂ ಆಳಕ್ಕೇ ಹೋಗಬೇಕು, ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನ ಪೈಪು ಬಾಯಲ್ಲಿ ಕಚ್ಚಿಕೊಂಡು. ಅಣ್ಣ ಆಳಕ್ಕೆ ಇಳಿಯುತ್ತಿದ್ದದ್ದೂ ಹೀಗೇ. ಒಂದು ದಿನ ಆಳದಿಂದ ಸರ್ರನೆ ಮೇಲೆ ಬಂದ, ದೋಣಿಯಲ್ಲಿ ಕೂತು ಒಂದು ಸಿಗರೇಟು ಸೇದಿದ, ಏಳಲು ಹೋದಾಗ ಸೊಂಟದ ಕೆಳಗೆ ಏನೂ ತನ್ನದಾಗಿರಲಿಲ್ಲ. ನಿನ್ನೆ ಆ ಎರಡನೆಯ ಮೀನನ್ನು ಅವನಿಗೆ ತೋರಿಸಿದೆ. ಅಂಗೈಯಲ್ಲಿಟ್ಟು ಕಿವಿರು ಬಿಡಿಸಿ ನೋಡಿದ. ಎಲ್ಲದಕ್ಕೂ ತಮಾಷೆ ಮಾಡುವವನು ಮಾಡಲಿಲ್ಲ. "ಎಷ್ಟು ಆಳಕ್ಕೆ ಇಳೀತಿದಾನೆ ಅವನು?" ಅಷ್ಟೇ ಕೇಳಿದ. ನನಗೆ ಗೊತ್ತಿರಲಿಲ್ಲ, ಬ್ಲಿ. ಗಂಡ ಎಷ್ಟು ಆಳಕ್ಕೆ ಇಳಿಯುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ಪುತು ಈಗ ಎದ್ದ ಕೂಡಲೇ ತೊಟ್ಟಿಯ ಹತ್ತಿರ ತೆವಳಿ ಹೋಗುತ್ತಾಳೆ. ನೀಲಿ ಕಂಡರೆ ಬೆರಳು ಮಾಡಿ "ಬಾಪ, ಬಾಪ" ಅನ್ನುತ್ತಾಳೆ. ಅಪ್ಪನದು ಎಂದು ನಾನೇ ಕಲಿಸಿದ್ದು. ಇಂದು ಬೆಳಿಗ್ಗೆ ಅವಳಿಗೆ ಏನು ತೋರಿಸಲಿ?

ಫೋನಿನಲ್ಲೇ ಬರೆದು ಕಳಿಸುತ್ತಿದ್ದೇನೆ. ನಾಲ್ಕರ ಹೊತ್ತಿಗೆ ಭೂಶಿರದ ಹತ್ತಿರ ಸಿಗ್ನಲ್ ಸಿಗುತ್ತದೆ, ಬೆಳಕು ಹರಿದೊಡನೆ ಇಳಿಯುತ್ತೇವೆ ಎಂದು ನೀನು ಹೇಳಿದ್ದೆ. ಇಂದು ಒಂದು ದಿನ ಸಮುದ್ರ ನಿನ್ನನ್ನು ಕರೆಯದಿರಲಿ. ನಿನ್ನ ಕಾಲುಗಳು ನಿನ್ನವಾಗಿಯೇ ಉಳಿಯಲಿ, ಅವುಗಳ ಮೇಲೆ ನಡೆದೇ ಮನೆಗೆ ಬಾ.

ಕಾಯುತ್ತಿರುವ,
ನಿನ್ನ ಲುಹ್

ನಾನು ಬೈಯುವುದಿಲ್ಲ. ಏನೂ ಕೇಳುವುದಿಲ್ಲ. ಮಾತಾಡಲು ಆಗದಿದ್ದರೆ ಸುಮ್ಮನೆ ಉಸಿರಾಡು, ನನಗೆ ಕೇಳಿಸಿದರೆ ಸಾಕು. ಆ ಪೈಪು ಬಾಯಿಗಿಡುವ ಮೊದಲು, ಬೆಳಕು ಹರಿಯುವ ಮೊದಲು ಫೋನ್ ಮಾಡು ಬ್ಲಿ. ದಮ್ಮಯ್ಯ, ಫೋನ್ ಮಾಡು.